ದೆಹಲಿಯ ಇರುಳಿನ ಲೆಕ್ಕ

2024ರ ಜೂನ್ 19ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 35.2 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅದು ಆ ದಿನದ ಗರಿಷ್ಠ ತಾಪಮಾನವಲ್ಲ, ಕನಿಷ್ಠ. ಅಷ್ಟು ಬಿಸಿಯಾದ ರಾತ್ರಿ 1969ರಿಂದೀಚೆಗೆ ಅಲ್ಲಿ ದಾಖಲಾಗಿರಲಿಲ್ಲ. ಅದೇ ದಿನ ಮಧ್ಯಾಹ್ನ ಮೂರರ ಸುಮಾರಿಗೆ ನಗರದ ವಿದ್ಯುತ್ ಬೇಡಿಕೆ 8,656 ಮೆಗಾವಾಟ್ ಮುಟ್ಟಿ ಹಿಂದಿನ ದಾಖಲೆಗಳನ್ನೆಲ್ಲ ದಾಟಿತು. 2002ರಲ್ಲಿ ದೆಹಲಿಯ ವಿದ್ಯುತ್ ವಿತರಣೆಯನ್ನು ಖಾಸಗಿ ಕಂಪನಿಗಳಿಗೆ ವಹಿಸಿಕೊಟ್ಟಾಗ ಈ ಬೇಡಿಕೆ 3,000 ಮೆಗಾವಾಟ್ ಕೂಡ ಇರಲಿಲ್ಲ.

ಪತ್ರಿಕೆಗಳಲ್ಲಿ ಮಧ್ಯಾಹ್ನದ ಆ ಸಂಖ್ಯೆಯೇ ಸುದ್ದಿಯಾಯಿತು. ಆದರೆ ಬೇಸಿಗೆಯ ದೆಹಲಿಯಲ್ಲಿ ಬೇಡಿಕೆ ದಿನಕ್ಕೆ ಎರಡು ಸಲ ಏರುತ್ತದೆ. ಮಧ್ಯಾಹ್ನ ಕಚೇರಿ, ಅಂಗಡಿ, ಮಾಲುಗಳ ಎಸಿಗಳು ಒಟ್ಟಿಗೆ ಓಡುವಾಗ ಒಮ್ಮೆ; ರಾತ್ರಿ ಹನ್ನೊಂದು ಹನ್ನೆರಡರ ಹೊತ್ತಿಗೆ ಮನೆಮನೆಯ ಮಲಗುವ ಕೋಣೆಯಲ್ಲಿ ಎಸಿ ಶುರುವಾದಾಗ ಇನ್ನೊಮ್ಮೆ. ಈ ಎರಡನೆಯ ಏರಿಕೆಗೆ ಕಾರಣ ತಲೆಯ ಮೇಲಿನ ಕಾಂಕ್ರೀಟ್ ಚಾವಣಿ. ದಿನವಿಡೀ ಬಿಸಿಲು ಕುಡಿದ ಆರ್‌ಸಿಸಿ ಸ್ಲ್ಯಾಬ್ ಆ ಶಾಖವನ್ನು ಕೂಡಲೇ ಒಳಕ್ಕೆ ಬಿಡುವುದಿಲ್ಲ. ಶಾಖ ಅದರ ದಪ್ಪವನ್ನು ದಾಟಿ ಕೆಳಗಿನ ಮೈಗೆ ಬರಲು ಕೆಲವು ಗಂಟೆ ಬೇಕು. ಒಲೆ ಆರಿಸಿದ ಮೇಲೂ ಕಾವು ಬಿಡದ ಕಾವಲಿಯಂತೆ, ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಚಾವಣಿ ಕೋಣೆಯೊಳಗೆ ಶಾಖ ಸೂಸುತ್ತಲೇ ಇರುತ್ತದೆ. ಹೊರಗಿನ ಗಾಳಿಯೂ 35 ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಕಿಟಕಿ ತೆರೆದಿಟ್ಟೂ ಪ್ರಯೋಜನವಿಲ್ಲ. ಆ ಜೂನ್ ವಾರದಲ್ಲಿ ದೆಹಲಿಯ ಆಸ್ಪತ್ರೆಗಳಿಂದ ಬಿಸಿಲಾಘಾತದ ಸಾವುಗಳು ಒಂದರ ಹಿಂದೆ ಒಂದು ವರದಿಯಾದವು. ರಾತ್ರಿ ತಣಿಯದ ದೇಹ ಮರುದಿನದ ಬಿಸಿಲನ್ನು ತಾಳಲಾರದು. ಆದ್ದರಿಂದ ಈ ಊರಿನಲ್ಲಿ ರಾತ್ರಿಯ ವಿದ್ಯುತ್ತನ್ನು ಐಷಾರಾಮದ ಮಾತು ಎಂದು ತಳ್ಳಿಹಾಕುವಂತಿಲ್ಲ.

ಹವಾಮಾನ ಬದಲಾವಣೆ ಮತ್ತು ಶುದ್ಧ ಇಂಧನದ ಚರ್ಚೆ ಸಾಮಾನ್ಯವಾಗಿ ಗುರಿಗಳ ಸುತ್ತ ಸುತ್ತುತ್ತದೆ: ಇಷ್ಟು ವರ್ಷದೊಳಗೆ ಇಷ್ಟು ಗಿಗಾವಾಟ್, ಶೇಕಡ ಇಷ್ಟು ಹೊರಸೂಸುವಿಕೆ ಕಡಿತ. ಎರಡು ದಶಕಗಳಲ್ಲಿ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದಲ್ಲಿ ನಡೆದದ್ದನ್ನು ನೋಡಿದರೆ ನನಗೆ ಕಾಣುವುದು ಬೇರೆ. ಖರ್ಚನ್ನು ಯಾರು ಹೊರಬೇಕು ಎಂಬುದು ಸ್ಪಷ್ಟವಾಗಿ ಬರೆದು ಇತ್ಯರ್ಥವಾದ ಕಡೆಗಳಲ್ಲಿ ಕೆಲಸ ಆಗಿದೆ. ಅದನ್ನು ಬರೆಯದೆ ಬಿಟ್ಟ ಕಡೆಗಳಲ್ಲಿ ಗಡುವು ಮಾತ್ರ ಮುಂದಕ್ಕೆ ಹೋಗುತ್ತಾ ಬಂದಿದೆ.

ಆದ ಕೆಲಸಕ್ಕೆ ಒಳ್ಳೆಯ ಉದಾಹರಣೆ ಬದರ್‌ಪುರ. ದಕ್ಷಿಣ ದೆಹಲಿಯ ಅಂಚಿನಲ್ಲಿ 1973ರಲ್ಲಿ ಕೆಲಸ ಶುರುಮಾಡಿದ ಈ ಉಷ್ಣವಿದ್ಯುತ್ ಸ್ಥಾವರದ ಸಾಮರ್ಥ್ಯ 705 ಮೆಗಾವಾಟ್. ನಗರದ ವಿದ್ಯುತ್ತಿನಲ್ಲಿ ಅದರ ಪಾಲು ಶೇ 8ರ ಆಸುಪಾಸು. ಆದರೆ ದೆಹಲಿಯೊಳಗಿನ ವಿದ್ಯುತ್ ಸ್ಥಾವರಗಳು ಉಗುಳುವ ದೂಳಿನ ಕಣಗಳಲ್ಲಿ ಶೇ 80ರಿಂದ 90ರಷ್ಟು ಅದರದ್ದೇ ಎಂದು ವಿಜ್ಞಾನ ಮತ್ತು ಪರಿಸರ ಕೇಂದ್ರ, ಅಂದರೆ ಸಿಎಸ್‌ಇ, ಅಂದಾಜು ಮಾಡಿತ್ತು. ಮುಚ್ಚಬೇಕು ಎಂಬ ಮಾತಿಗೆ ಬಹಿರಂಗವಾಗಿ ಯಾರ ವಿರೋಧವೂ ಇರಲಿಲ್ಲ. ಹಾಗಿದ್ದೂ ವರ್ಷಗಟ್ಟಲೆ ಮುಚ್ಚಲಾಗಲಿಲ್ಲ. ಕಾರಣ ವಿದ್ಯುತ್ತಿನ ಕೊರತೆಯಲ್ಲ, ತಂತಿಗಳ ಕೊರತೆ. ಹೊರಗಿನಿಂದ 400 ಕಿಲೋವೋಲ್ಟ್ ಮಾರ್ಗದಲ್ಲಿ ಬರುವ ವಿದ್ಯುತ್ತನ್ನು 220ಕ್ಕೆ ಇಳಿಸಿ ದಕ್ಷಿಣ ದೆಹಲಿಗೆ ಹಂಚಲು ಬೇಕಾದಷ್ಟು ಉಪಕೇಂದ್ರಗಳು ಆ ಭಾಗದಲ್ಲಿ ಇರಲಿಲ್ಲ. ಮಾರ್ಗಗಳ ಮೇಲೆ ಹೊರೆ ಹೆಚ್ಚಿದಾಗ ವೋಲ್ಟೇಜ್ ಕುಸಿಯದಂತೆ ಹಿಡಿದುಕೊಳ್ಳಲು ಹತ್ತಿರದಲ್ಲೇ ಒಂದು ಜನರೇಟರ್ ತಿರುಗುತ್ತಿರಬೇಕಾಗುತ್ತದೆ. ಬದರ್‌ಪುರ ಉಳಿದುಕೊಂಡದ್ದು ಅದಕ್ಕಾಗಿ. ತುಘಲಕಾಬಾದಿನಲ್ಲಿ 400/220 ಕಿಲೋವೋಲ್ಟ್ ಉಪಕೇಂದ್ರ ಸಿದ್ಧವಾದ ಮೇಲೆ, 2018ರ ಅಕ್ಟೋಬರ್ 15ರಂದು, ಅದನ್ನು ಶಾಶ್ವತವಾಗಿ ನಿಲ್ಲಿಸಲಾಯಿತು. ಹೊಗೆಯ ವಿರುದ್ಧ ಎಷ್ಟೋ ಭಾಷಣಗಳಾಗಿದ್ದವು. ದಾರಿ ಮಾಡಿಕೊಟ್ಟದ್ದು ಪ್ರಸರಣ ಶುಲ್ಕದ ಮೂಲಕ ಖರ್ಚು ವಸೂಲಾಗುವ ಒಂದು ಉಪಕೇಂದ್ರ. ಹವಾಮಾನದ ಬಗ್ಗೆ ಬರೆಯುವ ನಾವೆಲ್ಲ ಇಂಥ ಉಪಕೇಂದ್ರಗಳ ಬಗ್ಗೆ ಬರೆದದ್ದು ತೀರಾ ಕಡಿಮೆ.

ಇಂದ್ರಪ್ರಸ್ಥ ಸ್ಥಾವರ 2009ರ ಕೊನೆಗೆ, ರಾಜ್‌ಘಾಟ್ 2015ರಲ್ಲಿ ನಿಂತಿದ್ದವು. ಬದರ್‌ಪುರವೂ ಹೋದ ಮೇಲೆ ದೆಹಲಿಯ ಗಡಿಯೊಳಗೆ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಉಳಿದಿಲ್ಲ. ಕಲ್ಲಿದ್ದಲಿನ ವಿದ್ಯುತ್ತು ಮಾತ್ರ ಬರುತ್ತಲೇ ಇದೆ. ಉತ್ತರಪ್ರದೇಶದ ದಾದ್ರಿ, ಹರಿಯಾಣದ ಝಜ್ಜರ್, ಇನ್ನೂ ದೂರದ ಸಿಂಗ್ರೌಲಿ, ರಿಹಂದ್‌ಗಳಿಂದ. ರಾಜಧಾನಿಯ ಗಾಳಿಯ ದೃಷ್ಟಿಯಿಂದ ಸುಮಾರು 300 ಕಿಲೋಮೀಟರ್ ವ್ಯಾಪ್ತಿಯೊಳಗಿನ ಹನ್ನೊಂದು ಕಲ್ಲಿದ್ದಲು ಸ್ಥಾವರಗಳನ್ನು ನಿಯಂತ್ರಣ ಸಂಸ್ಥೆಗಳು ಗುರುತಿಸಿವೆ. ಪಾಣಿಪತ್, ಯಮುನಾನಗರ, ಖೇದರ್, ಹರ್ದುವಾಗಂಜ್, ಪಂಜಾಬಿನ ರಾಜಪುರ, ರೋಪರ್, ತಲ್ವಂಡಿ ಸಾಬೋ ಅವುಗಳಲ್ಲಿ ಕೆಲವು. ಚಳಿಗಾಲದಲ್ಲಿ ದೆಹಲಿಯ ಗಾಳಿ ಹೆಚ್ಚಾಗಿ ಬೀಸುವುದು ವಾಯವ್ಯದಿಂದ, ಅಂದರೆ ಇವುಗಳಲ್ಲಿ ಹಲವು ಇರುವ ದಿಕ್ಕಿನಿಂದ.

ಈ ಸ್ಥಾವರಗಳ ಚಿಮಣಿಯಿಂದ ಹೊರಡುವ ಗಂಧಕದ ಡೈಆಕ್ಸೈಡ್ ವಿಷಯದಲ್ಲಿ ಹತ್ತು ವರ್ಷ ನಡೆದ ಜಗ್ಗಾಟವನ್ನು ತುಸು ವಿವರವಾಗಿ ಹೇಳಬೇಕು. ವಿಜ್ಞಾನವೂ ರಾಜಕೀಯವೂ ಎಷ್ಟು ಹತ್ತಿರ ಹೆಣೆದುಕೊಂಡಿವೆ ಎಂಬುದು ಅಲ್ಲಿ ಕಾಣುತ್ತದೆ. ಕಲ್ಲಿದ್ದಲಿನಲ್ಲಿರುವ ಗಂಧಕ ಉರಿದು ಅನಿಲವಾಗಿ ಹೊರಬರುತ್ತದೆ. ಆ ಅನಿಲ ಗಾಳಿಯಲ್ಲಿ ಗಂಟೆಗಳಿಂದ ದಿನಗಳವರೆಗೆ ತೇಲುತ್ತಾ ಸಾಗುವಾಗ ಆಕ್ಸಿಡೀಕರಣಗೊಂಡು ಗಂಧಕಾಮ್ಲವಾಗುತ್ತದೆ. ಗಂಗಾ ಬಯಲಿನ ಹೊಲಗಳಿಂದ, ಯೂರಿಯಾದಿಂದ, ದನಕರುಗಳ ಗೊಬ್ಬರದಿಂದ ಏಳುವ ಅಮೋನಿಯಾ ಅದರೊಡನೆ ಬೆರೆತು ಅಮೋನಿಯಂ ಸಲ್ಫೇಟ್ ಎಂಬ ಸೂಕ್ಷ್ಮ ಕಣ ಹುಟ್ಟುತ್ತದೆ. ಪಿಎಂ 2.5 ಎಂದು ನಾವು ಅಳೆಯುವುದರಲ್ಲಿ ಇಂಥ ಕಣಗಳದ್ದು ದೊಡ್ಡ ಪಾಲು. ಚಿಮಣಿ ಒಂದು ರಾಜ್ಯದಲ್ಲಿ, ಅಮೋನಿಯಾ ಇನ್ನೊಂದರಲ್ಲಿ, ಉಸಿರಾಡುವ ಶ್ವಾಸಕೋಶ ಮತ್ತೊಂದರಲ್ಲಿ.

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಉಷ್ಣವಿದ್ಯುತ್ ಸ್ಥಾವರಗಳಿಗೆ ಗಂಧಕದ ಮಿತಿಯನ್ನು ಮೊದಲ ಸಲ ಗೊತ್ತುಪಡಿಸಿ ಎರಡು ವರ್ಷದ ಗಡುವು ಕೊಟ್ಟಿತು. ಮಿತಿಯೊಳಗೆ ಬರಲು ಬೇಕಾದ ಯಂತ್ರ ಎಫ್‌ಜಿಡಿ. ಚಿಮಣಿಗೆ ಹೋಗುವ ಮುನ್ನ ಹೊಗೆಯನ್ನು ಸುಣ್ಣಕಲ್ಲಿನ ಪುಡಿ ಕಲಸಿದ ನೀರಿನಲ್ಲಿ ತೊಳೆದರೆ ಗಂಧಕ ಜಿಪ್ಸಮ್ ಆಗಿ ಕೆಳಗಿಳಿಯುತ್ತದೆ. ತಂತ್ರ ಹಳೆಯದು, ಚೀನಾ ಇದರಿಂದಲೇ ತನ್ನ ಗಂಧಕದ ಹೊರಸೂಸುವಿಕೆಯನ್ನು ಬಹಳಷ್ಟು ಇಳಿಸಿಕೊಂಡಿತು. ಗಂಧಕ ಉಗುಳುವುದರಲ್ಲಿ ಆ ದೇಶವನ್ನು ಭಾರತ ಹಿಂದಿಕ್ಕುತ್ತಿರುವುದನ್ನು ಉಪಗ್ರಹ ಮಾಪನಗಳು 2017ರಲ್ಲೇ ತೋರಿಸಿದವು. ನಮ್ಮಲ್ಲೂ ಝಜ್ಜರಿನ ಮಹಾತ್ಮ ಗಾಂಧಿ ಸ್ಥಾವರ ಆರಂಭದಿಂದಲೇ ಎಫ್‌ಜಿಡಿ ಇಟ್ಟುಕೊಂಡಿತ್ತು. ಉಳಿದವುಗಳ ಗಡುವು ಜರುಗುತ್ತಾ ಹೋಯಿತು. ರಾಜಧಾನಿ ವಲಯದ ಸ್ಥಾವರಗಳಿಗೆ ಮೊದಲು 2017, ಆಮೇಲೆ 2019, ಆಮೇಲೆ 2022, 2024, ಈಗ 2027ರ ಡಿಸೆಂಬರ್. ಕೊನೆಗೆ 2025ರ ಜುಲೈ 11ರ ಅಧಿಸೂಚನೆ ಬಂತು. ರಾಜಧಾನಿ ವಲಯದಿಂದ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಂದ 10 ಕಿಲೋಮೀಟರ್ ಒಳಗಿರುವ ಸ್ಥಾವರಗಳಿಗೆ ಮಾತ್ರ ಮಿತಿ ಕಡ್ಡಾಯ. ತೀವ್ರ ಮಾಲಿನ್ಯದ ಪ್ರದೇಶಗಳ ಹತ್ತಿರ ಇರುವವನ್ನು ಒಂದೊಂದಾಗಿ ಪರಿಶೀಲಿಸಲಾಗುತ್ತದೆ. ಉಳಿದ ಸುಮಾರು ಶೇ 78ರಷ್ಟು ಘಟಕಗಳಿಗೆ ಚಿಮಣಿಯ ಎತ್ತರ ನಿಯಮದಂತಿದ್ದರೆ ವಿನಾಯಿತಿ. ನೂರಾರು ಕಿಲೋಮೀಟರ್ ಸಾಗುವ ಕಣಕ್ಕೆ 10 ಕಿಲೋಮೀಟರಿನ ಗೆರೆ.

ವಿನಾಯಿತಿಯನ್ನು ಸಮರ್ಥಿಸುವವರ ವಾದಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಭಾರತದ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಗಂಧಕ ಕಡಿಮೆ. ಅರ್ಧ ಶೇಕಡದ ಆಸುಪಾಸು. ನಗರಗಳ ಗಾಳಿಯಲ್ಲಿ ಅಳೆದ ಗಂಧಕದ ಡೈಆಕ್ಸೈಡ್ ಹೆಚ್ಚಿನ ಕಡೆ ಮಿತಿಯೊಳಗೇ ಇದೆ. ಎಫ್‌ಜಿಡಿ ಅಳವಡಿಸಿದರೆ ಯೂನಿಟ್ಟಿಗೆ 25ರಿಂದ 30 ಪೈಸೆ ಹೆಚ್ಚುತ್ತದೆ. ಸುಣ್ಣಕಲ್ಲು ಗಂಧಕದೊಡನೆ ಸೇರುವಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಯಂತ್ರ ಓಡಿಸಲು ವಿದ್ಯುತ್ತೂ ಬೇಕು. ಇವೆಲ್ಲ ನಿಜ. ಆದರೆ ಮಾಪನ ಕೇಂದ್ರದಲ್ಲಿ ಅನಿಲ ಕಡಿಮೆ ಕಂಡಿತೆಂದರೆ ಗಂಧಕ ಇಲ್ಲ ಎಂದಲ್ಲ. ದಾರಿಯಲ್ಲಿ ಅದು ಕಣವಾಗಿ ಬದಲಾಗಿರುತ್ತದೆ. ಅನಿಲವನ್ನು ಮಾತ್ರ ಅಳೆದು ಕಣವನ್ನು ಬೇರೆ ಲೆಕ್ಕಕ್ಕೆ ಬರೆದರೆ ಚಿಮಣಿ ನಿರ್ದೋಷಿಯಾಗಿ ಕಾಣುತ್ತದೆ. ಈ ವಾದದಲ್ಲಿ ನನಗೆ ಒಪ್ಪಿಗೆಯಾಗದ ಜಾಗ ಇದು.

ಇನ್ನೂ ಸೂಕ್ಷ್ಮವಾದ ಒಂದು ವಾದವಿದೆ. ಸಲ್ಫೇಟ್ ಕಣಗಳು ಬಿಸಿಲನ್ನು ಬಾಹ್ಯಾಕಾಶಕ್ಕೆ ಹಿಂದಿರುಗಿಸುತ್ತವೆ, ಹಾಗಾಗಿ ಭೂಮಿಯನ್ನು ತುಸು ತಂಪಾಗಿಡುತ್ತವೆ. ಮನುಷ್ಯ ಉಂಟುಮಾಡಿದ ತಾಪ ಏರಿಕೆಯಲ್ಲಿ ಅರ್ಧ ಡಿಗ್ರಿಯ ಆಸುಪಾಸನ್ನು ಇಂಥ ಕಣಗಳು ಮರೆಮಾಡಿವೆ ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ ಲೆಕ್ಕ ಹಾಕುತ್ತದೆ. ಗಂಧಕ ತೆಗೆದರೆ ಆ ಮರೆ ಸರಿಯುತ್ತದೆ, ಬಿಸಿ ಹೆಚ್ಚುತ್ತದೆ. ಇದರಿಂದ ಎಫ್‌ಜಿಡಿ ಬೇಡ ಎಂಬ ತೀರ್ಮಾನಕ್ಕೆ ಬರುವವರು ಕಾಲದ ಅಂಶವನ್ನು ಬಿಟ್ಟುಬಿಡುತ್ತಾರೆ. ಸಲ್ಫೇಟ್ ಕಣ ಗಾಳಿಯಲ್ಲಿ ಇರುವುದು ಕೆಲವೇ ದಿನ, ಮಳೆ ಬಂದರೆ ತೊಳೆದುಹೋಗುತ್ತದೆ. ಅದೇ ಚಿಮಣಿಯ ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಉಳಿಯುತ್ತದೆ. ಮರೆಯನ್ನು ಕಾಯ್ದುಕೊಳ್ಳಬೇಕಾದರೆ ದಿನದಿನವೂ ಗಂಧಕ ಉಗುಳುತ್ತಲೇ ಇರಬೇಕು, ದಿನದಿನವೂ ಜನ ಅದನ್ನು ಉಸಿರಾಡಬೇಕು. ಆ ಖರ್ಚು ಯಾವ ವಿದ್ಯುತ್ ಬಿಲ್ಲಿನಲ್ಲೂ ಕಾಣುವುದಿಲ್ಲ. ಪಾಣಿಪತ್ತಿನಲ್ಲೋ ದಾದ್ರಿಯಲ್ಲೋ ಆಸ್ಪತ್ರೆಯ ಬಿಲ್ಲಾಗಿ ಬರುತ್ತದೆ.

ಎಫ್‌ಜಿಡಿಯ ಗಡುವು ಹತ್ತು ವರ್ಷ ಜರುಗಿದ್ದಕ್ಕೆ ಬೇಜವಾಬ್ದಾರಿಯೊಂದೇ ಕಾರಣವಲ್ಲ. ವಿದ್ಯುತ್ ಕೊಳ್ಳುವಾಗ ಕಂಪನಿಗಳು ಸ್ಥಾವರಗಳನ್ನು ಇಂಧನದ ಖರ್ಚಿನ ಮೇಲೆ ಸರದಿಯಲ್ಲಿ ನಿಲ್ಲಿಸುತ್ತವೆ. ಅಗ್ಗದ್ದಕ್ಕೆ ಮೊದಲ ಕರೆ, ದುಬಾರಿಯದ್ದಕ್ಕೆ ಕೊನೆಗೆ. ಹೊಗೆ ತೊಳೆಯುವ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಿದರೆ ಯಂತ್ರ ಹಾಕಿದ ಸ್ಥಾವರ ಸರದಿಯಲ್ಲಿ ಹಿಂದೆ ಬೀಳುತ್ತದೆ, ಹಾಕದಿರುವುದು ಹೆಚ್ಚು ಹೊತ್ತು ಓಡುತ್ತದೆ. ಮೊದಲು ಹೊಗೆ ತೊಳೆದವನಿಗೆ ನಷ್ಟವಾಗುವ ವ್ಯವಸ್ಥೆಯಲ್ಲಿ ಮೊದಲಿಗರಾಗಲು ಯಾರೂ ಬಯಸುವುದಿಲ್ಲ. ಇದೇ ಅವಧಿಯಲ್ಲಿ ವಾಯುಗುಣಮಟ್ಟ ನಿರ್ವಹಣಾ ಆಯೋಗ, 2023ರ ಜನವರಿ 1ರಿಂದ ರಾಜಧಾನಿ ವಲಯದ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಸುಡುವುದನ್ನು ನಿಷೇಧಿಸಿತು. ಸಣ್ಣಪುಟ್ಟ ಬಾಯ್ಲರ್, ಕುಲುಮೆಗಳು ಗ್ಯಾಸಿಗೋ ಜೈವಿಕ ಇಂಧನಕ್ಕೋ ಬದಲಾಗಬೇಕಾಯಿತು. ಉಷ್ಣವಿದ್ಯುತ್ ಸ್ಥಾವರಗಳಿಗೆ ಆ ನಿಷೇಧದಿಂದ ವಿನಾಯಿತಿ ಇತ್ತು.

ಇನ್ನು ಸೌರವಿದ್ಯುತ್ತು. 2025ರ ಜೂನ್ ಕೊನೆಗೆ ಭಾರತದ ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಕಲ್ಲಿದ್ದಲು, ಗ್ಯಾಸ್ ಮೊದಲಾದ ಪಳೆಯುಳಿಕೆ ಇಂಧನಗಳನ್ನು ಬಿಟ್ಟ ಪಾಲು ಶೇ 50 ದಾಟಿತು. ಪ್ಯಾರಿಸ್ ಒಪ್ಪಂದದಡಿ 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಅದು. ಐದು ವರ್ಷ ಮುಂಚೆ ಮುಟ್ಟಿದ್ದು ನಿಜವಾದ ಸಾಧನೆ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಒಂದು ಮೆಗಾವಾಟಿನ ಸೌರ ಫಲಕಗಳು ರಾತ್ರಿ, ಮೋಡ, ಸಂಜೆಗಳನ್ನೆಲ್ಲ ಕಳೆದು ವರ್ಷಕ್ಕೆ ಕೊಡುವುದು ಪೂರ್ಣ ಸಾಮರ್ಥ್ಯದ ಐದನೇ ಒಂದು ಭಾಗದಷ್ಟು. ಕಲ್ಲಿದ್ದಲಿನ ಒಂದು ಮೆಗಾವಾಟ್ ಅದರ ಮೂರು ಪಟ್ಟಿಗೂ ಹೆಚ್ಚು ಕೊಡುತ್ತದೆ. ದೇಶ ಬಳಸುವ ಪ್ರತಿ ನೂರು ಯೂನಿಟ್ಟಿನಲ್ಲಿ ಸುಮಾರು 70 ಇಂದಿಗೂ ಕಲ್ಲಿದ್ದಲಿನದ್ದೇ.

ಸೌರವಿದ್ಯುತ್ತಿನಲ್ಲಿ ಲೆಕ್ಕ ಇತ್ಯರ್ಥವಾದ ಸುಂದರ ಉದಾಹರಣೆ ದೆಹಲಿ ಮೆಟ್ರೊ. ಮಧ್ಯಪ್ರದೇಶದ ರೀವಾದ 750 ಮೆಗಾವಾಟ್ ಸೌರ ಸ್ಥಾವರಕ್ಕೆ 2017ರ ಫೆಬ್ರುವರಿಯಲ್ಲಿ ಹರಾಜು ನಡೆದಾಗ ಮೊದಲ ವರ್ಷದ ದರ ಯೂನಿಟ್ಟಿಗೆ 2 ರೂಪಾಯಿ 97 ಪೈಸೆಗೆ ಇಳಿಯಿತು. ಆಗ ಅದು ಎಲ್ಲರನ್ನೂ ಬೆರಗುಗೊಳಿಸಿದ ಬೆಲೆ. ಫಲಕಗಳು ಅಗ್ಗವಾಗಿದ್ದವು ನಿಜ, ಆದರೆ ಅಷ್ಟಕ್ಕೇ ದರ ಇಳಿಯಲಿಲ್ಲ. ಕೊಳ್ಳುವವರು ಹಣ ಕೊಡದಿದ್ದರೆ ಏನು, ಗ್ರಿಡ್ ವಿದ್ಯುತ್ತನ್ನು ತೆಗೆದುಕೊಳ್ಳದೆ ಹೋದರೆ ನಷ್ಟ ಯಾರದು ಎಂಬುದನ್ನೆಲ್ಲ ಒಪ್ಪಂದದಲ್ಲಿ ಬರೆದು, ಪಾವತಿಗೆ ನಿಧಿಯನ್ನೂ ರಾಜ್ಯ ಸರ್ಕಾರದ ಖಾತರಿಯನ್ನೂ ಇಟ್ಟರು. ಅಪಾಯ ಕಡಿಮೆಯಾದಾಗ ಸಾಲದ ಬಡ್ಡಿ ಇಳಿಯಿತು. ಬಂಡವಾಳವೆಲ್ಲ ಮೊದಲ ದಿನವೇ ಹಾಕಬೇಕಾದ ಸೌರ ಸ್ಥಾವರದಲ್ಲಿ ಬಡ್ಡಿಯೇ ಬೆಲೆಯ ದೊಡ್ಡ ಪಾಲು. ರೀವಾದ ವಿದ್ಯುತ್ತಿನಲ್ಲಿ ಶೇ 24ನ್ನು ದೆಹಲಿ ಮೆಟ್ರೊ ಕೊಳ್ಳುತ್ತದೆ. 2019ರ ಏಪ್ರಿಲ್‌ನಿಂದ ಅದು ಬರುತ್ತಿದೆ. ಹಗಲು ರಾಜೀವ್ ಚೌಕ್‌ನಲ್ಲಿ ಹಾದುಹೋಗುವ ರೈಲಿನ ಹಿಂದೆ ರೀವಾದ ಬಿಸಿಲಿದೆ. ಸಂಜೆ ಆರೂವರೆಯ ನೂಕುನುಗ್ಗಲಿನಲ್ಲಿ ಮಾತ್ರ ಅದೇ ರೈಲನ್ನು ಎಳೆಯುವುದು ಬಹುಪಾಲು ಕಲ್ಲಿದ್ದಲು.

ಬಿಸಿಲಿಗೂ ಹೊಗೆಗೂ ನೇರ ಸಂಬಂಧವೊಂದಿದೆ. ದೆಹಲಿಯ ಮಬ್ಬು ಸೌರ ಫಲಕಗಳಿಗೆ ತಲುಪುವ ಬೆಳಕನ್ನು ವರ್ಷಕ್ಕೆ ಸುಮಾರು ಶೇ 11.5ರಷ್ಟು ಕಡಿಮೆ ಮಾಡುತ್ತದೆ ಎಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಸಲ್ಫೇಟ್ ಕಣಗಳು ಬಿಸಿಲನ್ನು ಹಿಂದಕ್ಕೆ ಎಸೆಯುತ್ತವೆ ಎಂದೆನಲ್ಲ, ಅವು ಎಸೆಯುವ ಬಿಸಿಲಿನಲ್ಲಿ ನಮ್ಮ ಫಲಕಗಳ ಪಾಲೂ ಇದೆ. ಕಲ್ಲಿದ್ದಲು ತನ್ನ ಪ್ರತಿಸ್ಪರ್ಧಿಯ ಆದಾಯವನ್ನೂ ಕಿತ್ತುಕೊಳ್ಳುತ್ತಿದೆ. ಅದನ್ನೂ ಯಾರೂ ಯಾರಿಗೂ ಬಿಲ್ ಮಾಡುತ್ತಿಲ್ಲ.

ನಗರದೊಳಗೆ ಜಾಗವಿಲ್ಲದ ದೆಹಲಿಗೆ ಬಿಸಿಲು ದೂರದಿಂದಲೇ ಬರಬೇಕು. ಅಲ್ಲಿಯೂ ಬೆಲೆ ತೆರುವವರು ಇದ್ದಾರೆ. ಥಾರ್ ಮರುಭೂಮಿಯಿಂದ ಹೊರಡುವ ತಂತಿಗಳಿಗೆ ತಗುಲಿ ಸಾಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್, ನಮ್ಮ ಸಿರುಗುಪ್ಪ ಕಡೆಯ ಎರೆಭೂತ, ಈಗ ನೂರೈವತ್ತರ ಆಸುಪಾಸು ಉಳಿದಿವೆ. ಅದರ ಕಣ್ಣುಗಳು ತಲೆಯ ಪಕ್ಕದಲ್ಲಿವೆ, ಎದುರಿನ ತಂತಿ ಸಮಯಕ್ಕೆ ಸರಿಯಾಗಿ ಕಾಣುವುದಿಲ್ಲ, ಭಾರವಾದ ದೇಹ ಚಟ್ಟನೆ ತಿರುಗಲಾರದು. ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟ್, 2024ರ ಮಾರ್ಚ್ 21ರಂದು ಆ ಆದೇಶವನ್ನು ಸಡಿಲಿಸಿ ಪರಿಹಾರ ಹುಡುಕಲು ತಜ್ಞರ ಸಮಿತಿ ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ನಾಗರಿಕರ ಹಕ್ಕು ಎಂದು ಆ ನ್ಯಾಯಾಲಯ ಹೇಳಿದ್ದು ಇದೇ ತೀರ್ಪಿನಲ್ಲಿ. ಹಕ್ಕಿಯ ಪರವಾಗಿ ಹೂಡಿದ ಮೊಕದ್ದಮೆಯಿಂದ ಮನುಷ್ಯರ ಹವಾಮಾನ ಹಕ್ಕು ಹುಟ್ಟಿತು. ಹಕ್ಕಿಯ ಪಾಲು ಏನಾಯಿತು ಎಂಬುದನ್ನು ಮರೆಯದೆ ನಾವು ಆ ಹಕ್ಕನ್ನು ಬಳಸಬೇಕು.

ಬಿಸಿಲನ್ನು ರಾತ್ರಿಗೆ ಒಯ್ಯುವ ದಾರಿ ಬ್ಯಾಟರಿ. ದಕ್ಷಿಣ ದೆಹಲಿಯ ಕಿಲೋಕರಿ ಉಪಕೇಂದ್ರದಲ್ಲಿ 2025ರಲ್ಲಿ 20 ಮೆಗಾವಾಟ್ ಸಾಮರ್ಥ್ಯದ, 40 ಮೆಗಾವಾಟ್‌ಅವರ್ ಹಿಡಿಸುವ ಬ್ಯಾಟರಿ ವ್ಯವಸ್ಥೆ ಕೆಲಸ ಆರಂಭಿಸಿತು. ಅಂದರೆ 20 ಮೆಗಾವಾಟನ್ನು ಎರಡು ಗಂಟೆ ಕೊಡಬಲ್ಲದು. ಇದಕ್ಕೆ ಮುಂಚೆ, 2019ರಲ್ಲಿ, ರೋಹಿಣಿಯಲ್ಲಿ 10 ಮೆಗಾವಾಟಿನ ಒಂದು ಪ್ರಯೋಗ ನಡೆದಿತ್ತು. ಬೇಸಿಗೆಯ ಮಧ್ಯರಾತ್ರಿ 8,000 ಮೆಗಾವಾಟ್ ಬೇಡಿಕೆ ಇರುವಾಗ 40 ಮೆಗಾವಾಟ್‌ಅವರ್ ಇಡೀ ನಗರಕ್ಕೆ ಸಾಲುವುದು ಹದಿನೆಂಟು ಸೆಕೆಂಡಿಗೆ. ಹಾಗೆಂದು ಅದನ್ನು ಕಡೆಗಣಿಸುವುದು ತಪ್ಪು. ಉಪಕೇಂದ್ರದ ಮೇಲಿನ ಹೊರೆ ಮಿತಿಮೀರುವ ಆ ಒಂದೆರಡು ಗಂಟೆಯಲ್ಲಿ ಸುತ್ತಲಿನ ಬಡಾವಣೆಗಳಿಗೆ ಕರೆಂಟ್ ಹೋಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದಕ್ಕೆ 20 ಮೆಗಾವಾಟ್ ಸಾಕು. ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಹಣದ ವ್ಯವಸ್ಥೆ. ದೆಹಲಿ ವಿದ್ಯುತ್ ನಿಯಂತ್ರಣ ಆಯೋಗ ಬ್ಯಾಟರಿಯ ಶುಲ್ಕವನ್ನು ಮಂಜೂರು ಮಾಡಿತು. ಯೋಜನೆಯ ವೆಚ್ಚದ ಬಹುಪಾಲು ರಿಯಾಯಿತಿ ಸಾಲದಿಂದ ಬಂದದ್ದರಿಂದ ಆ ಶುಲ್ಕ ಕಡಿಮೆಯಾಯಿತು. ಸೌರ ಸ್ಥಾವರದ ಜೊತೆಗೇ ಬ್ಯಾಟರಿ ಸೇರಿಸಿ ಕರೆದ ರಾಷ್ಟ್ರೀಯ ಟೆಂಡರುಗಳಲ್ಲಿ ದರ ಯೂನಿಟ್ಟಿಗೆ ಮೂರೂವರೆ ರೂಪಾಯಿಯ ಆಸುಪಾಸಿಗೆ ಬಂದಿದೆ. ಹೊಸ ಕಲ್ಲಿದ್ದಲು ಸ್ಥಾವರಕ್ಕೆ ಅದರೊಡನೆ ಪೈಪೋಟಿ ನಡೆಸುವುದು ಕಷ್ಟ.

ಇನ್ನೊಂದು ದಾರಿ ನಮ್ಮವರಿಗೆ ಪರಿಚಿತ. ಹಗಲಿನ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ರಾತ್ರಿ ಕೆಳಗೆ ಬಿಡುವ ಪಂಪ್ಡ್ ಸ್ಟೋರೇಜ್. ಕರ್ನಾಟಕದಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟಿನ ಇಂಥ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ, ಅಂದರೆ ಕೆಪಿಸಿಎಲ್, ಹಿಡಿದು ಕೂತಿದೆ. ಜಾಗ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಪಾವಗಡದಲ್ಲಿ ರೈತರ ಸುಮಾರು 13,000 ಎಕರೆಯನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯಲ್ಲಿ ಪಡೆದು 2,050 ಮೆಗಾವಾಟ್ ಸೌರ ಪಾರ್ಕ್ ಕಟ್ಟಿದಾಗ ಜಮೀನಿನ ಮಾಲೀಕರ ಲೆಕ್ಕವಾದರೂ ಕಾಗದದ ಮೇಲೆ ಇತ್ತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರದ್ದು ಇರಲಿಲ್ಲ. ಶರಾವತಿ ಕಣಿವೆಯಲ್ಲಿ ಕಾಡಿನ ಲೆಕ್ಕ ಬರೆಯಲು ಸಾಧ್ಯವೇ ಎಂಬುದೇ ನನಗೆ ಅನುಮಾನ. ಒಮ್ಮೆ ಒಂದು ಅಣೆಕಟ್ಟಿಗಾಗಿ ಮುಳುಗಿದ ಕಣಿವೆಯನ್ನು ಊರಿನ ರಾತ್ರಿಗಳಿಗಾಗಿ ಮತ್ತೆ ಅಗೆಯುವ ಮೊದಲು ಬ್ಯಾಟರಿಯ ಇಳಿಯುತ್ತಿರುವ ಬೆಲೆಯನ್ನು ಪಕ್ಕದಲ್ಲಿಟ್ಟು ನೋಡುವುದು ಕನಿಷ್ಠ ಕರ್ತವ್ಯ.

ದೆಹಲಿಯ ಚಾವಣಿಗಳಿಗೆ ಮರಳೋಣ. 2019ರ ಆಗಸ್ಟ್‌ನಿಂದ ಇಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ ಸೊನ್ನೆ. 201ರಿಂದ 400ರವರೆಗೆ ಅರ್ಧ ಸಬ್ಸಿಡಿ. 2023ರ ಗೃಹಜ್ಯೋತಿಯಿಂದಾಗಿ ಕರ್ನಾಟಕದ ಓದುಗರಿಗೆ ಈ 200ರ ಗೆರೆ ಚೆನ್ನಾಗಿ ಗೊತ್ತು. ಬಡ ಕುಟುಂಬಕ್ಕೆ ಸೆಕೆಯಲ್ಲಿ ಫ್ಯಾನು ಕೂಲರು ಓಡಿಸುವ ಧೈರ್ಯ ಕೊಟ್ಟ ಯೋಜನೆಯನ್ನು ನಾನು ಬಿಟ್ಟಿ ಭಾಗ್ಯ ಎಂದು ಜರೆಯಲಾರೆ. ಆದರೆ ಸೊನ್ನೆ ಬಿಲ್ ಬರುವವರಿಗೆ ಚಾವಣಿಯ ಮೇಲೆ ಫಲಕ ಹಾಕಲು ಯಾವ ಕಾರಣವೂ ಉಳಿಯುವುದಿಲ್ಲ. ಮಧ್ಯಮ ವರ್ಗದ ಲೆಕ್ಕ ಬೇರೆ. ತಿಂಗಳಿಗೆ 360 ಯೂನಿಟ್ ಬಳಸುವ ಮನೆ 2 ಕಿಲೋವಾಟ್ ಫಲಕ ಹಾಕಿದರೆ 220 ಯೂನಿಟ್ ಬರುತ್ತದೆ, ಗ್ರಿಡ್ಡಿನಿಂದ ಪಡೆದದ್ದು ನಿವ್ವಳ 140, ಬಿಲ್ ಸೊನ್ನೆ. ದೆಹಲಿಯ ಸೌರ ನೀತಿ ಉತ್ಪಾದನೆಗೆ ಪ್ರತಿ ಯೂನಿಟ್ಟಿಗೂ ಪ್ರೋತ್ಸಾಹಧನ ಕೊಡುತ್ತದೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ, ಅದರ ಮೇಲೆ 2025ರಿಂದ ದೆಹಲಿ ಸರ್ಕಾರದ 30,000.

ಈ ಸವಲತ್ತುಗಳೆಲ್ಲ ಸ್ವಂತ ಚಾವಣಿ ಇರುವವರಿಗೆ. ಲಕ್ಷ್ಮೀನಗರ, ಸಂಗಮ್ ವಿಹಾರ್‌ಗಳ ನಾಲ್ಕು ಮಹಡಿಯ ಬಿಲ್ಡರ್ ಫ್ಲೋರ್‌ಗಳಲ್ಲಿ ಚಾವಣಿಯ ಹಕ್ಕು ಒಬ್ಬರದು, ಕೆಳಗೆ ವಾಸಿಸುವವರು ಹತ್ತಾರು ಮಂದಿ. ಬಾಡಿಗೆದಾರರಿಗೆ ಉಚಿತ ವಿದ್ಯುತ್ತೂ ಹಲವು ಕಡೆ ದಕ್ಕುವುದಿಲ್ಲ. ಮಾಲೀಕರು ಸಬ್‌ಮೀಟರ್ ಇಟ್ಟು ತಮ್ಮದೇ ದರದಲ್ಲಿ ವಸೂಲಿ ಮಾಡುತ್ತಾರೆ. ಇದನ್ನು ತಪ್ಪಿಸಲೆಂದೇ 2019ರಲ್ಲಿ ಬಾಡಿಗೆದಾರರಿಗೆ ಪ್ರತ್ಯೇಕ ಪ್ರಿಪೇಯ್ಡ್ ಮೀಟರಿನ ಯೋಜನೆ ಬಂತು. ಮೇಲಿನ ಮಹಡಿಯ, ಬಿಸಿಲು ಕುಡಿದ ಸ್ಲ್ಯಾಬಿನ ಕೆಳಗಿನ ಅಗ್ಗದ ಕೋಣೆಯಲ್ಲಿ ಇರುವವರು ಹೆಚ್ಚಾಗಿ ಇವರೇ.

ಚಾವಣಿಯ ಫಲಕಗಳು ಹೆಚ್ಚಿದಷ್ಟೂ ವಿತರಣಾ ಕಂಪನಿಗಳು ಹೆಚ್ಚು ದರ ಕೊಡುವ ಗಿರಾಕಿಗಳನ್ನು ಕಳೆದುಕೊಳ್ಳುತ್ತವೆ, ತಂತಿಗಳ ಖರ್ಚು ಉಳಿದವರ ಮೇಲೆ ಬೀಳುತ್ತದೆ. ದೆಹಲಿಯಲ್ಲಿ ಆ ಹೊರೆ ಈಗಾಗಲೇ ಭಾರಿಯಾಗಿದೆ. ವರ್ಷಗಟ್ಟಲೆ ದರ ಏರಿಸದೆ, ಆದ ಖರ್ಚನ್ನು ಮುಂದೆ ವಸೂಲಿ ಮಾಡಬಹುದೆಂದು ಬದಿಗಿಟ್ಟ ಬಾಕಿ, 2024ರ ಮಾರ್ಚ್ ಕೊನೆಗೆ ಮೂರು ವಿತರಣಾ ಕಂಪನಿಗಳದ್ದೂ ಸೇರಿ ಸುಮಾರು 27,200 ಕೋಟಿ ರೂಪಾಯಿ. ಇದನ್ನು ಕಾಲಮಿತಿಯಲ್ಲಿ ತೀರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 6ರಂದು ಆದೇಶಿಸಿದೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಈ ಹಣ ಬಳಕೆದಾರರ ಬಿಲ್ಲಿನಿಂದಲೋ ತೆರಿಗೆಯಿಂದಲೋ ಬರಬೇಕು. ಬ್ಯಾಟರಿಗೆ, ಎಫ್‌ಜಿಡಿಗೆ, ಹೊಸ ಉಪಕೇಂದ್ರಕ್ಕೆ ಬೇಕಾದ ಹಣವೂ ಅದೇ ಬಿಲ್ಲಿನಿಂದ.

ಹೀಗಿರುವಾಗ ಹಗಲು ಅಗ್ಗ, ರಾತ್ರಿ ದುಬಾರಿ ಎಂಬ ದರ ಬರಲಿದೆ. 2023ರ ಕೇಂದ್ರ ನಿಯಮಗಳ ಪ್ರಕಾರ ಸ್ಮಾರ್ಟ್ ಮೀಟರ್ ಇರುವ, ಕೃಷಿಯಲ್ಲದ ಬಳಕೆದಾರರಿಗೆಲ್ಲ ಸೌರ ಗಂಟೆಗಳಲ್ಲಿ ಕನಿಷ್ಠ ಶೇ 20 ಕಡಿಮೆ, ಬೇಡಿಕೆ ಏರುವ ಗಂಟೆಗಳಲ್ಲಿ ಹೆಚ್ಚು. ಗ್ರಿಡ್ಡಿನ ದೃಷ್ಟಿಯಿಂದ ಇದು ಸರಿಯಾದ ಸೂಚನೆ. ಬಟ್ಟೆ ಒಗೆಯುವ ಯಂತ್ರ, ನೀರಿನ ಮೋಟಾರ್, ಸ್ಕೂಟರಿನ ಚಾರ್ಜಿಂಗ್ ಹಗಲಿಗೆ ಬರಲಿ. ನಿದ್ದೆಯನ್ನು ಹಗಲಿಗೆ ಒಯ್ಯಲಾಗದು. ಬಿಸಿ ಸ್ಲ್ಯಾಬಿನ ಕೆಳಗೆ ಮಲಗುವವರಿಗೆ ರಾತ್ರಿಯ ಹೆಚ್ಚಿನ ದರವನ್ನು ಹಾಕುವ ಮುನ್ನ ಮೂರು ಕೆಲಸ ಆಗಬೇಕೆಂದು ನಾನು ಕೇಳುತ್ತೇನೆ. ಚಾವಣಿಗಳಿಗೆ ಬಿಸಿಲನ್ನು ಹಿಂದಿರುಗಿಸುವ ಬಿಳಿ ಲೇಪನ ಹಾಕುವುದನ್ನು ವಿದ್ಯುತ್ ಕಂಪನಿಯೇ ಬೇಡಿಕೆ ಕಡಿತದ ಖರ್ಚಾಗಿ ಕೈಗೊಳ್ಳಲಿ. ಅದು ಬ್ಯಾಟರಿಗಿಂತ ಅಗ್ಗವಾಗುವ ಸಾಧ್ಯತೆಯೇ ಹೆಚ್ಚು. ಬೇರೆಡೆ ಹಾಕಿದ ಫಲಕದ ಪಾಲನ್ನು ತಮ್ಮ ಮೀಟರಿಗೆ ಸೇರಿಸಿಕೊಳ್ಳುವ ವರ್ಚುವಲ್ ನೆಟ್ ಮೀಟರಿಂಗ್‌ಗೆ ದೆಹಲಿ ಆಯೋಗ 2019ರಲ್ಲೇ ದಾರಿ ಮಾಡಿದೆ. ಬಾಡಿಗೆದಾರರ ಪ್ರಿಪೇಯ್ಡ್ ಮೀಟರಿಗೂ ಅದು ಸಿಗಲಿ. ಕಿಲೋಕರಿಯಂಥ ಬ್ಯಾಟರಿಗಳು ಸಂಗಮ್ ವಿಹಾರದಂಥ ದಟ್ಟ ಬಡಾವಣೆಗಳ ಉಪಕೇಂದ್ರಗಳಿಗೂ ಬರಲಿ, ಶುಲ್ಕದ ಆದೇಶದಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇರಲಿ. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ದರ ನಿಗದಿಗೆ ಮುನ್ನ ಸಾರ್ವಜನಿಕರ ಆಕ್ಷೇಪಗಳನ್ನು ಆಯೋಗ ಪರಿಗಣಿಸಲೇಬೇಕು. ಅದು ದೆಹಲಿಗೂ ಅನ್ವಯಿಸುತ್ತದೆ, ಕರ್ನಾಟಕದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿಗೂ ಅನ್ವಯಿಸುತ್ತದೆ.